ಹದಿನಾರು ತಿಂಗಳು ಹೊರಗಿನ ಸೈಲೆನ್ಸರ್, ಎಂಟು ತಿಂಗಳು ಕಂಪನಿಯದು: ಧಾರವಾಡದ ಸವಾರನೊಬ್ಬನ ವಿಮರ್ಶೆ

ನನ್ನದು 350 ಸಿಸಿಯ ಬುಲೆಟ್. ಧಾರವಾಡದ ಮಾಳಮಡ್ಡಿಯ ಮನೆಯಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಗೆ ದಿನವೂ ಅದರಲ್ಲೇ ಹೋಗಿಬರುತ್ತೇನೆ. ಗಾಡಿ ಕೊಂಡ ಮೂರನೆಯ ತಿಂಗಳಿಗೆ ಕಂಪನಿಯ ಸೈಲೆನ್ಸರ್ ಬಿಚ್ಚಿಸಿ, 3,800 ರೂಪಾಯಿ ಕೊಟ್ಟು ಶಾರ್ಟ್ ಬಾಟಲ್ ಮಾದರಿಯ ಹೊರಗಿನ ಸೈಲೆನ್ಸರ್ ಹಾಕಿಸಿದೆ. ಅದನ್ನು ಹದಿನಾರು ತಿಂಗಳು, ಸುಮಾರು 17 ಸಾವಿರ ಕಿಲೋಮೀಟರ್ ಬಳಸಿದ ಮೇಲೆ ಬಿಚ್ಚಿಸಿ, ಈಗ ಎಂಟು ತಿಂಗಳಿಂದ ಮತ್ತೆ ಕಂಪನಿಯ ಸೈಲೆನ್ಸರಿನಲ್ಲೇ ಓಡಾಡುತ್ತಿದ್ದೇನೆ. ಒಂದೇ ಗಾಡಿ, ಒಂದೇ ರಸ್ತೆ, ಒಬ್ಬನೇ ಸವಾರ. ಆದ್ದರಿಂದ ಎರಡನ್ನೂ ಹೋಲಿಸಿ ಹೇಳುವ ಧೈರ್ಯ ನನಗಿದೆ.

ಕೊಂಡದ್ದಕ್ಕೆ ಎರಡು ಕಾರಣಗಳಿದ್ದವು. ಆ ಗಡಸು ಸದ್ದು ನನಗೆ ನಿಜಕ್ಕೂ ಇಷ್ಟವಾಗಿತ್ತು. ಎರಡನೆಯದು, ಸದ್ದು ಜೋರಾಗಿದ್ದರೆ ಲಾರಿ, ಬಸ್ಸಿನವರಿಗೆ ನಾವು ಬರುವುದು ಮೊದಲೇ ತಿಳಿಯುತ್ತದೆ, ಹಾಗಾಗಿ ಸವಾರ ಸುರಕ್ಷಿತ ಎಂದು ಗೆಳೆಯರೂ ಹೇಳಿದ್ದರು, ಅಂಗಡಿಯವರೂ ಹೇಳಿದ್ದರು. ನಾನು ಅದನ್ನು ಪೂರ್ತಿಯಾಗಿ ನಂಬಿದ್ದೆ.

ವಸ್ತುವಿನ ಗುಣಮಟ್ಟವನ್ನು ಮೊದಲು ಹೇಳಿಬಿಡುತ್ತೇನೆ. ಉಕ್ಕು ದಪ್ಪವಾಗಿತ್ತು, ವೆಲ್ಡಿಂಗ್ ಕೂಡ ಚೊಕ್ಕವಾಗಿತ್ತು. ಆದರೆ ಹಿಡಿಕೆಯ ಬೋಲ್ಟುಗಳು ಎರಡು ತಿಂಗಳಿಗೊಮ್ಮೆ ಸಡಿಲಗೊಳ್ಳುತ್ತಿದ್ದವು. ಸದ್ದನ್ನು ತಗ್ಗಿಸಲು ಒಳಗೆ ತುಂಬಿದ್ದ ಗ್ಲಾಸ್ ವುಲ್ ಎಂಟು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಸುಟ್ಟು ಹೋಗಿ, ಮೊದಲಿದ್ದ ಗಂಭೀರ ದನಿ ಒಡಕು ತಗಡಿನ ಸದ್ದಾಯಿತು. ಆಕ್ಸಿಲರೇಟರ್ ಬಿಟ್ಟಾಗ ಪಟಾಕಿಯಂತೆ ಸಿಡಿಯುವುದೂ ಆಗ ಶುರುವಾಯಿತು. ಲೀಟರಿಗೆ 35 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 32ಕ್ಕೆ ಇಳಿಯಿತು. ಎಳೆತ ಹೆಚ್ಚುತ್ತದೆ ಎಂದಿದ್ದರು. ಉಣಕಲ್ಲಿನ ಏರಿನಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಇನ್ನು ಸುರಕ್ಷತೆಯ ಮಾತು. ನರೇಂದ್ರದಿಂದ ಗಬ್ಬೂರಿನವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಓಡಾಡಿದವರಿಗೆ ಅಲ್ಲಿ ಲಾರಿ ದಾಟುವುದೆಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಂಜೆ ತಾರಿಹಾಳದ ಹತ್ತಿರ ಲಾರಿಯೊಂದನ್ನು ದಾಟುತ್ತಿದ್ದೆ. ನನ್ನ ಮುಂದಿನ ಗಾಲಿ ಅದರ ಹಿಂಗಾಲಿಗಳ ಸಮಕ್ಕೆ ಬಂದಾಗ ಚಾಲಕ ಒಮ್ಮೆಲೇ ಬಲಕ್ಕೆ ಎಳೆದ. ಮಣ್ಣು ಮೆತ್ತಿದ ಆ ಟೈರು ನನ್ನ ಮೊಣಕಾಲಿನಿಂದ ಒಂದು ಮೊಳ ದೂರದಲ್ಲಿ ತಿರುಗುತ್ತಿದ್ದದ್ದು ಇಂದಿಗೂ ಕಣ್ಣ ಮುಂದೆ ಇದೆ. ಬ್ರೇಕ್ ಹಿಡಿದು ಹಿಂದೆ ಸರಿದೆ; ಬ್ರೇಕ್ ಹಿಡಿದಾಗ ಗಾಲಿ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇದ್ದದ್ದರಿಂದ ಗಾಲಿ ಜಾರಲಿಲ್ಲ. ಆಮೇಲೆ ಉದ್ದಕ್ಕೆ ಹಾರ್ನ್ ಮಾಡಿ ದಾಟಿಕೊಂಡು ಹೋದೆ. ಮುಂದೆ ಚಹಾದಂಗಡಿಯ ಎದುರು ಲಾರಿ ನಿಂತಾಗ, ಇಷ್ಟು ಸದ್ದು ಕೇಳಿಸಲಿಲ್ಲವೇ ಎಂದು ಸಿಟ್ಟಿನಿಂದಲೇ ಕೇಳಿದೆ. ಆತ ಸಮಾಧಾನದಿಂದ, “ಅಣ್ಣಾರ, ನೀವು ಬಾಜೂಕ ಇದ್ದಾಗ ನನಗ ಏನೂ ಕೇಳಿಸಲಿಲ್ಲರಿ. ಹಾರ್ನ್ ಹೊಡದಾಗ ಗೊತ್ತಾತು. ದಾಟಿ ಮುಂದ ಹೋದ ಮ್ಯಾಲ ಸೈಲೆನ್ಸರ್ ಸಪ್ಪಳ ಕಿವಿಗೆ ಬಡೀತು” ಎಂದ.

ಆ ಮಾತು ನನ್ನ ನಂಬಿಕೆಯ ಬುಡವನ್ನೇ ಅಲುಗಾಡಿಸಿತು. ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ. ಸದ್ದು ಹೆಚ್ಚಾಗಿ ಹೋಗುವುದೂ ಹಿಂದಕ್ಕೆ. ನಮಗೆ ಅಪಾಯ ಬರುವುದು ಬಹುಪಾಲು ಮುಂದಿನಿಂದ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 900ಕ್ಕೂ ಹೆಚ್ಚು ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಕೊಟ್ಟ ವರದಿಯಲ್ಲೂ, ಮುಕ್ಕಾಲು ಪಾಲಿಗಿಂತ ಹೆಚ್ಚಿನ ಅಪಘಾತಗಳಲ್ಲಿ ಅಪಾಯ ಸವಾರನ ನೇರ ಮುಂದಿನಿಂದ ಎಡಬಲಕ್ಕೆ 45 ಡಿಗ್ರಿಯ ಒಳಗೇ ಇತ್ತು ಎಂದಿದೆ. ಕಿಟಕಿ ಮುಚ್ಚಿದ ಕಾರಿನವರಿಗೆ, ತನ್ನದೇ ಎಂಜಿನ್ನಿನ ಮೇಲೆ ಕುಳಿತ ಲಾರಿಯವರಿಗೆ, ನಮ್ಮ ಸದ್ದು ತಲುಪುವ ಹೊತ್ತಿಗೆ ತಪ್ಪಿಸಿಕೊಳ್ಳುವ ಗಳಿಗೆ ದಾಟಿರುತ್ತದೆ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದು. ವಿದ್ಯಾನಗರದಲ್ಲಿ ಕಿಮ್ಸ್ ಆಸ್ಪತ್ರೆಯ ಸಮೀಪ, ಬಿಆರ್‌ಟಿಎಸ್ ಬಸ್ಸುಗಳ ಪ್ರತ್ಯೇಕ ಪಥದ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದಾಗ ಕನ್ನಡಿಯಲ್ಲಿ ಕೆಂಪು ದೀಪ ಕಂಡ ಮೇಲಷ್ಟೇ ಹಿಂದೆ ಆಂಬುಲೆನ್ಸ್ ಇರುವುದು ನನಗೆ ತಿಳಿಯಿತು. ಅದರ ಸೈರನ್ ಎಷ್ಟು ಹೊತ್ತಿನಿಂದ ಕೂಗುತ್ತಿತ್ತೋ. ಬೇರೆಯವರಿಗೆ ಕೇಳಿಸಲಿ ಎಂದು ಹಾಕಿಸಿದ ವಸ್ತು ನನ್ನ ಕಿವಿಯನ್ನೇ ಮುಚ್ಚಿತ್ತು, ಅದರ ಬೆಲೆಯನ್ನು ಒಳಗೆ ಮಲಗಿದ್ದ ಯಾರೋ ತೆರುತ್ತಿದ್ದರು. ಬೈಪಾಸಿನಲ್ಲಿ ಹೋಗಿಬಂದ ದಿನ ರಾತ್ರಿ ಕಿವಿಯಲ್ಲಿ ಗುಂಯ್ಯೆನ್ನುವುದೂ ವಾಡಿಕೆಯಾಗಿತ್ತು.

ಬಿಚ್ಚುವ ಮೊದಲು ಮತ್ತು ಬಿಚ್ಚಿದ ಮೇಲೆ, ಒಂದೇ ಜಾಗದಲ್ಲಿ ಒಂದು ಮೀಟರ್ ದೂರದಿಂದ ಫೋನಿನಲ್ಲಿ ಸದ್ದನ್ನು ಅಳೆದೆ: 97 ಮತ್ತು 84 ಡೆಸಿಬಲ್. ಫೋನಿನ ಅಳತೆಯನ್ನು ಕರಾರುವಾಕ್ಕೆಂದು ನಾನು ಹೇಳಲಾರೆ, ಆದರೆ ಅಂತರ ಮುಖ್ಯ. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಹೆಚ್ಚಿರುತ್ತದೆ, ಕಿವಿಗೆ ಅದು ಸುಮಾರು ಇಮ್ಮಡಿಯಾಗಿ ಕೇಳುತ್ತದೆ. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಇಟ್ಟಿರುವ ಮಿತಿ 45 ಡೆಸಿಬಲ್. ಎರಡನೆಯ ಪಾಳಿ ಮುಗಿಸಿ ನಾನು ಓಣಿಗೆ ಬರುತ್ತಿದ್ದದ್ದು 11 ಗಂಟೆಯ ಮೇಲೆ.

ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಳು. ಒಂದು ಬೆಳಿಗ್ಗೆ ಆ ಮನೆಯ ಅಜ್ಜಿ ಗೇಟಿನ ಹತ್ತಿರ ನಿಂತು, “ತಮ್ಮಾ, ನಿನ್ನ ಗಾಡಿ ಓಣಿಗೆ ಬಂದ ಕೂಡ್ಲೇ ಕೂಸು ಬೆಚ್ಚಿ ಬೀಳ್ತದ. ಮೂಲಿಗೆ ಬಂದ್ ಮಾಡಿ ತಳ್ಕೊಂಡು ಬಂದ್ರ ನಡೀತದೇನು?” ಎಂದು ಕೇಳಿದರು. ಬೈದಿದ್ದರೆ ನಾನೂ ಎದುರಾಡುತ್ತಿದ್ದೆನೋ ಏನೋ. ಅವರು ನನ್ನಿಂದ ಉಪಕಾರ ಕೇಳುವವರಂತೆ ಕೇಳಿದರು. ಅಂದಿನಿಂದ ಒಂದು ತಿಂಗಳು, ಸುಮಾರು 190 ಕಿಲೋ ತೂಕದ ಗಾಡಿಯನ್ನು ಓಣಿಯ ಮೂಲೆಯಿಂದ ಮನೆಯವರೆಗೆ ರಾತ್ರಿ ತಳ್ಳಿಕೊಂಡು ಬಂದೆ. ಹಾಗೆ ತಳ್ಳುವಾಗ ಎರಡೂ ಬದಿಯ ಕತ್ತಲ ಕಿಟಕಿಗಳನ್ನು ಒಂದೊಂದಾಗಿ ನೋಡಿದೆ. ಇಷ್ಟು ಜನರ ನಿದ್ದೆಯ ನಡುವೆ ಹಾದು ಬರುತ್ತಿದ್ದೆನೆಂಬುದು ಗಾಡಿಯ ಮೇಲೆ ಕುಳಿತಾಗ ಒಮ್ಮೆಯೂ ಹೊಳೆದಿರಲಿಲ್ಲ. ತಿಂಗಳ ಸಂಬಳದ ಮರುದಿನವೇ ಸೈಲೆನ್ಸರ್ ಬಿಚ್ಚಿಸಿದೆ.

ಕಾನೂನನ್ನೂ ಕೊಳ್ಳುವ ಮೊದಲೇ ತಿಳಿದಿರಬೇಕು. ಶಬ್ದ ನಿಯಂತ್ರಣದ ಮಾನದಂಡ ಮೀರಿದ ಗಾಡಿ ಓಡಿಸಿದರೆ, ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮೂರು ತಿಂಗಳು ಲೈಸೆನ್ಸೂ ಅನರ್ಹವಾಗುತ್ತದೆ.

ಈ ಎಂಟು ತಿಂಗಳಲ್ಲಿ ಲಾರಿಗಳು ನನಗೆ ಮೊದಲಿಗಿಂತ ಕಡಿಮೆ ದಾರಿ ಬಿಟ್ಟಿಲ್ಲ. ದಾಟುವ ಮುನ್ನ ಹೆಡ್‌ಲೈಟ್ ಮಿಣುಕಿಸಿ, ಒಮ್ಮೆ ಹಾರ್ನ್ ಮಾಡಿ, ಚಾಲಕನ ಮುಖ ಅವನ ಕನ್ನಡಿಯಲ್ಲಿ ನನಗೆ ಕಂಡ ಮೇಲೆಯೇ ಮುಂದಾಗುತ್ತೇನೆ. ಐಎಸ್‌ಐ ಗುರುತಿನ, ಮುಖವನ್ನೂ ಮುಚ್ಚುವ ಹೆಲ್ಮೆಟ್ ಕೊಂಡಿದ್ದೇನೆ. ಸೈರನ್ ಈಗ ದೂರದಿಂದಲೇ ಕೇಳಿಸುತ್ತದೆ.

ಐದರಲ್ಲಿ ಒಂದು ಅಂಕ ಕೊಡುತ್ತೇನೆ, ಅದೂ ವೆಲ್ಡಿಂಗಿಗೆ. ಮಾರಿದ ಅಂಗಡಿಯವರೇ 800 ರೂಪಾಯಿಗೆ ವಾಪಸು ಕೇಳಿದರು. ಕೊಟ್ಟರೆ ಇನ್ನೊಂದು ಓಣಿಗೆ ಹೋಗುತ್ತದೆ ಎಂದು ಕಾರ್ಖಾನೆಯ ಗ್ಯಾಸ್ ಕಟರಿನಲ್ಲಿ ಎರಡು ತುಂಡು ಮಾಡಿಸಿ ಗುಜರಿಗೆ ಹಾಕಿದೆ. ಕಂಪನಿಯ ಸೈಲೆನ್ಸರಿಗೆ ಮರಳುವವರು ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನ ಗ್ಯಾಸ್ಕೆಟ್ (ಸಂದಿಯಲ್ಲಿ ಹೊಗೆ ಸೋರದಂತೆ ಕೂರಿಸುವ ಬಳೆ) ಹೊಸದನ್ನೇ ಹಾಕಿಸಿಕೊಳ್ಳಿ. ಹಳೆಯದನ್ನೇ ಕೂರಿಸಿದ್ದರಿಂದ ನನ್ನ ಗಾಡಿ ಒಂದು ವಾರ ಅಲ್ಲಿಂದಲೇ ಟಪಟಪ ಎನ್ನುತ್ತಿತ್ತು.