ಪತ್ರಿಕೆ ಆರಿಸುವ ಮುನ್ನ ಪಾಠ ಓದಿ: ಇಗ್ನೋ ತತ್ತ್ವಶಾಸ್ತ್ರ ಎಂ.ಎ. ಮತ್ತು ಇ-ಜ್ಞಾನಕೋಶ

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ತತ್ತ್ವಶಾಸ್ತ್ರ ಎಂ.ಎ.ಗೆ ಯಾವ ವಿಷಯದಲ್ಲಿ ಪದವಿ ಪಡೆದವರೂ ಸೇರಬಹುದು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ದುಡಿಯುತ್ತಿರುವ ನನಗೆ ಪ್ರವೇಶಕ್ಕಿಂತ ಕಷ್ಟವೆನಿಸಿದ್ದು ಪತ್ರಿಕೆಗಳ ಆಯ್ಕೆ. ಆ ಕಷ್ಟವನ್ನು ನೀಗಿಸಿದ ಇ-ಜ್ಞಾನಕೋಶದ ಬಗ್ಗೆ, ಇದೇ ಹಾದಿಯಲ್ಲಿ ಹೊರಟವರಿಗಾಗಿ ಬರೆಯುತ್ತಿದ್ದೇನೆ.

ಇ-ಜ್ಞಾನಕೋಶವು ವಿಶ್ವವಿದ್ಯಾಲಯದ್ದೇ ಡಿಜಿಟಲ್ ಭಂಡಾರ. ತರ್ಕಶಾಸ್ತ್ರ, ನೀತಿಶಾಸ್ತ್ರ, ಜ್ಞಾನಮೀಮಾಂಸೆ (ಜ್ಞಾನವೆಂದರೇನು, ಅದು ಹೇಗೆ ಬರುತ್ತದೆ ಎಂಬ ವಿಚಾರ), ಮನಸ್ಸಿನ ತತ್ತ್ವಶಾಸ್ತ್ರ, ಗಾಂಧಿ ತತ್ತ್ವಶಾಸ್ತ್ರ ಮುಂತಾದ ಪತ್ರಿಕೆಗಳ ಪಾಠಗಳು ಅಲ್ಲಿ ಘಟಕವಾರು ಉಚಿತವಾಗಿ ದೊರೆಯುತ್ತವೆ. ಪಾಠದ ನಡುನಡುವೆ ಸ್ವಯಂಪರೀಕ್ಷೆಯ ಪ್ರಶ್ನೆಗಳೂ ಅವುಗಳ ಕೆಳಗೆ ಉತ್ತರ ಬರೆಯಲು ಖಾಲಿ ಗೆರೆಗಳೂ ಇರುತ್ತವೆ. ಪತ್ರಿಕೆಯ ಹೆಸರಿಗೆ ಮರುಳಾಗದೆ, ಮೊದಲ ಘಟಕವನ್ನು ಓದಿ ಆ ಗೆರೆಗಳನ್ನು ಸ್ವಂತ ಮಾತಿನಲ್ಲಿ ತುಂಬಲು ಯತ್ನಿಸಿದರೆ, ನಮ್ಮ ಸಿದ್ಧತೆ ಎಷ್ಟೆಂಬುದು ಒಂದೇ ಸಂಜೆಯಲ್ಲಿ ತಿಳಿಯುತ್ತದೆ.

ನಾನು ಮನಸೋತಿದ್ದು ಮನಸ್ಸಿನ ತತ್ತ್ವಶಾಸ್ತ್ರಕ್ಕೆ. ಆದರೆ ಮೊದಲ ಪುಟಗಳಲ್ಲೇ ವಾದ ಯಾವುದು, ಆಕ್ಷೇಪ ಯಾವುದು ಎಂದು ಬೇರ್ಪಡಿಸಲಾಗದೆ ನಿಂತುಬಿಟ್ಟೆ. ಆಗ ತರ್ಕ ಮತ್ತು ಜ್ಞಾನಮೀಮಾಂಸೆಯ ಪಾಠಗಳನ್ನು ತೆರೆದೆ. ಮೊದಲು ಓದಬೇಕಾದದ್ದು ಅವನ್ನೇ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಕನ್ನಡಿಗರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಭಾರತೀಯ ತತ್ತ್ವಶಾಸ್ತ್ರದ ಪಾರಿಭಾಷಿಕ ಪದಗಳು ನಮಗೆ ಬಾಲ್ಯದಿಂದಲೇ ಪರಿಚಿತ. ಎಡವುವುದೂ ಆ ಪರಿಚಯದಿಂದಲೇ. ‘ನನಗೇಕೋ ಅನುಮಾನ’ ಎಂದಾಗ ನಮ್ಮ ಮಾತಿನ ಅರ್ಥ ಸಂಶಯ. ತರ್ಕಕ್ಕೆ ಹೆಸರಾದ ಭಾರತೀಯ ದರ್ಶನವಾದ ನ್ಯಾಯದರ್ಶನದಲ್ಲಿ ಅನುಮಾನವೆಂದರೆ ಸಂಶಯವನ್ನು ಕಳೆಯುವ ಜ್ಞಾನಸಾಧನ: ಬೆಟ್ಟದ ಮೇಲೆ ಹೊಗೆ ಕಂಡು, ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ ಎಂಬ ವ್ಯಾಪ್ತಿಯ (ಎಂದೂ ತಪ್ಪದ ಸಂಬಂಧದ) ಬಲದಿಂದ, ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವುದು. ಹಾಗೆಯೇ ‘ಪ್ರಮಾಣ’ವೆಂದರೆ ಇಲ್ಲಿ ಆಣೆಯೂ ಅಲ್ಲ, ಅಳತೆಯೂ ಅಲ್ಲ, ಯಥಾರ್ಥ ಜ್ಞಾನಕ್ಕೆ ಸಾಧನವಾದದ್ದು. ಈ ಎರಡು ಪದಗಳನ್ನು ಸರಿಪಡಿಸಿಕೊಂಡ ಮೇಲೆಯೇ ನನಗೆ ಬೌದ್ಧರಿಗೂ ನೈಯಾಯಿಕರಿಗೂ (ನ್ಯಾಯದರ್ಶನದ ಅನುಯಾಯಿಗಳಿಗೂ) ನಡೆದ ವಾದಗಳು ಅರ್ಥವಾಗತೊಡಗಿದವು. ಪಾಠಗಳ ಜೊತೆಗೆ ತತ್ತ್ವಶಾಸ್ತ್ರದ ವಿದ್ವಾಂಸ ಎಂ. ಹಿರಿಯಣ್ಣನವರ 1932ರ ಇಂಗ್ಲಿಷ್ ಗ್ರಂಥ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ಯನ್ನೂ ಇಟ್ಟುಕೊಂಡಿದ್ದೇನೆ, ಅದು ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಮಾಡಿದ ಪಾಠಗಳಿಂದಲೇ ರೂಪುಗೊಂಡದ್ದು ಎಂಬುದು ನನಗೆ ಹೆಮ್ಮೆಯ ಸಂಗತಿ.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. 4 ಕ್ರೆಡಿಟ್‌ಗಳ ಪತ್ರಿಕೆಗೆ 120 ಗಂಟೆ, ಅಂದರೆ ದಿನಕ್ಕೊಂದು ಗಂಟೆ ಓದುವವರಿಗೆ ನಾಲ್ಕು ತಿಂಗಳು. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುವುದರಿಂದ, ನೌಕರಿಯಲ್ಲಿರುವವರು ಎಲ್ಲ ಪತ್ರಿಕೆಗಳನ್ನೂ ಒಂದೇ ಬಾರಿಗೆ ಮೈಮೇಲೆ ಎಳೆದುಕೊಳ್ಳದೆ ಹಂಚಿಕೊಳ್ಳುವುದು ಒಳ್ಳೆಯದು. ಡಿಸೆಂಬರ್‌ಗೆ ನಾನು ಇಟ್ಟುಕೊಂಡಿರುವುದು ತರ್ಕ ಮತ್ತು ಜ್ಞಾನಮೀಮಾಂಸೆ ಎರಡನ್ನೇ; ಮನಸ್ಸಿನ ತತ್ತ್ವಶಾಸ್ತ್ರದ ಆ ಮೊದಲ ಘಟಕವನ್ನು ಅದಾದ ಮೇಲೆ ಮತ್ತೆ ತೆರೆಯುತ್ತೇನೆ.