ಕಾರಿನ ಗೀರು: ಇನ್ಶೂರೆನ್ಸಾ, ಪ್ಯಾಕೇಜಾ, ಪೇಂಟರ್ ಭಾಯಿನಾ?

ಹೋದ ವಾರ ಮನೆ ಮುಂದೆ ನಿಲ್ಲಿಸಿದ್ದ ಕಾರಿಗೆ ಯಾರೋ ಗೀರಿ ಹೋಗಿದ್ದಾರೆ. ಎಡಗಡೆ ಮುಂದಿನ ಬಾಗಿಲ ಹಿಡಿಯ ಕೆಳಗೆ ಶುರುವಾದ ಗೆರೆ ಹಿಂದಿನ ಬಾಗಿಲ ಅರ್ಧದವರೆಗೂ ಹೋಗಿದೆ. ಸ್ಕೂಟರ್ ಹ್ಯಾಂಡಲ್ ಇರಬೇಕು. ನಮ್ಮದು ತುಮಕೂರಿನ ಎಸ್.ಎಸ್. ಪುರಂನ ಅಡ್ಡರಸ್ತೆ. ಮನೆಗೆ ಪೋರ್ಟಿಕೋ ಇಲ್ಲ, ಕಾರು ರಸ್ತೆಯಲ್ಲೇ ನಿಲ್ಲಬೇಕು.

ಪಕ್ಕದ ಮನೆಯವರು ನೋಡಿ, "ನಿಮ್ದು ಬಂಪರ್ ಟು ಬಂಪರ್ ಅಲ್ವಾ? ಕ್ಲೈಮ್ ಹಾಕಿಬಿಡಿ, ದುಡ್ಡೇ ಕೊಡಬೇಕಾಗಿಲ್ಲ" ಅಂದರು. ನಾನು ಹಾಕಲಿಲ್ಲ. ಹಾಕಿದ್ದರೆ ನನಗೇ ನಷ್ಟ ಆಗುತ್ತಿತ್ತು. ಈ ನಾಲ್ಕು ವರ್ಷದಲ್ಲಿ ಇದೇ ಕಾರಿನ ಗೀರು, ನೆಗ್ಗುಗಳಿಗೆ ಮೂರು ದಾರಿ ನೋಡಿದ್ದೇನೆ: ಇನ್ಶೂರೆನ್ಸ್ ಕ್ಲೈಮ್, ಶೋರೂಮಿನವರು ಮಾರುವ ಸ್ಕ್ರ್ಯಾಚ್ ಪ್ಯಾಕೇಜ್, ಕೈಯಿಂದ ದುಡ್ಡು ಕೊಟ್ಟು ಹೊರಗೆ ಪೇಂಟ್. ನನ್ನ ತಮ್ಮನ ಹಳೇ ಕಾರಿನ ಕ್ಲೈಮ್ ಕೂಡ ನಾನೇ ಓಡಾಡಿ ಮಾಡಿಸಿದ್ದು. ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿವೆ. ಅದನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಕಾರು 1200 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬೂದು ಬಣ್ಣ. ತಗೊಂಡಿದ್ದು 2021ರ ನವೆಂಬರ್‌ನಲ್ಲಿ.

ಮೊದಲ ವರ್ಷದ ಕ್ಲೈಮ್

2022ರ ಆಗಸ್ಟ್. ಮಂಡಿಪೇಟೆಯಲ್ಲಿ ರಿವರ್ಸ್ ತೆಗೆಯುವಾಗ ನಿಂತಿದ್ದ ಲಗೇಜ್ ಆಟೋದ ಮೂಲೆಗೆ ತಾಗಿಸಿದೆ. ಹಿಂದಿನ ಬಂಪರ್ ಸೀಳಿತು, ಟೈಲ್ ಲ್ಯಾಂಪ್ ಒಡೆಯಿತು, ಅದರ ಮೇಲಿನ ತಗಡು ಒಳಗೆ ಹೋಯಿತು. ಬಿಲ್ಲು ಬಂದಿದ್ದು 16,200 ರೂಪಾಯಿ. ಬಂಪರ್ 4,400, ಲ್ಯಾಂಪ್ 3,200, ಪೇಂಟ್ 5,600, ಕೂಲಿ 3,000.

ನನ್ನ ಪಾಲಿಸಿಗೆ ಜೀರೋ ಡೆಪ್ ಸೇರಿಸಿದ್ದೆ. ಬಂಪರ್ ಟು ಬಂಪರ್ ಅನ್ನೋದು ಇದಕ್ಕೇ. ಭಾಗ ಹಳೇದಾಯಿತು ಅಂತ ಬೆಲೆಯಲ್ಲಿ ಸವಕಳಿ ಕಡಿಯೋದಿಲ್ಲ. ಅದಕ್ಕೆ ವರ್ಷಕ್ಕೆ 2,400 ಜಾಸ್ತಿ ಕೊಟ್ಟಿದ್ದೆ. ನನ್ನ ಕೈಯಿಂದ ಹೋಗಿದ್ದು 1,300 ಮಾತ್ರ. ಅದರಲ್ಲಿ 1,000 ಎಲ್ಲರೂ ಕೊಡಲೇಬೇಕಾದ ಕಡ್ಡಾಯ ಕಡಿತ, ಗ್ಯಾರೇಜಿನವರು ಫೈಲ್ ಚಾರ್ಜ್ ಅಂತಾರಲ್ಲ, ಅದು. 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕೆ ಮೇಲ್ಪಟ್ಟರೆ 2,000. ಉಳಿದ 300 ಕ್ಲಿಪ್ಪು, ಸ್ಕ್ರೂ ಲೆಕ್ಕ.

ಜೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಕೊಡುತ್ತಾರೆ, ಕಾರು ಎಷ್ಟೇ ಹೊಸದಾಗಿರಲಿ. ಪೇಂಟ್ ಖರ್ಚಿನಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು, ಅದರಲ್ಲಿ ಅರ್ಧ ಕಡಿಯುತ್ತಾರೆ. ಅಂದರೆ ನನ್ನ ಬಿಲ್ಲಿನಲ್ಲಿ ಬಂಪರ್, ಲ್ಯಾಂಪಿಗೆ 3,800, ಪೇಂಟಿಗೆ 700, ಒಟ್ಟು 4,500 ಇನ್ನೂ ಹೋಗುತ್ತಿತ್ತು. 2,400 ಕೊಟ್ಟು 4,500 ಉಳಿಸಿದೆ. ಹೊಸ ಕಾರಿಗೆ ಇದು ಇರಲೇಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಈಗಿನ ಕಾರುಗಳಲ್ಲಿ ಮೊದಲು ಪೆಟ್ಟು ತಿನ್ನೋದೇ ಪ್ಲಾಸ್ಟಿಕ್.

ಬೋನಸ್ಸಿನ ಏಣಿ

ಕ್ಲೈಮ್ ಹಾಕಿದರೆ ನೋ ಕ್ಲೈಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೈಮ್ ಹಾಕದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೆ ಒಂದು ವರ್ಷದ್ದು ಮಾತ್ರ ಹೋಗುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಪೆನ್ನು ಹಿಡಿದು ಕೂತ ಮೇಲೆ ಗೊತ್ತಾಯಿತು.

ಬೋನಸ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ: ಶೇ. 20, 25, 35, 45, 50. ಒಂದು ಕ್ಲೈಮ್ ಹಾಕಿದರೆ ಸೊನ್ನೆಗೆ ಬಿದ್ದು ಮತ್ತೆ ಮೊದಲಿಂದ ಹತ್ತಬೇಕು. ನನಗೆ ಈಗ ಶೇ. 35 ಇದೆ. ಈ ವರ್ಷ ಸುಮ್ನೆ ಇದ್ದರೆ ಬರುವ ನವೆಂಬರ್‌ಗೆ 45, ಆಮೇಲೆ ಪ್ರತಿ ವರ್ಷ 50. ಈಗ ಕ್ಲೈಮ್ ಹಾಕಿದರೆ 0, 20, 25, 35, 45. ಎರಡನ್ನೂ ಪಕ್ಕ ಪಕ್ಕ ಬರೆದು ಕಳೆದು ನೋಡಿ. ಮೊದಲ ವರ್ಷ 45 ನಷ್ಟ, ಎರಡನೇ ವರ್ಷ 30, ಆಮೇಲೆ 25, 15, 5. ಕೂಡಿದರೆ 120.

ಅಂದರೆ ಒಂದು ಪೂರ್ತಿ ವರ್ಷದ ಪ್ರೀಮಿಯಂ, ಅದರ ಮೇಲೆ ಇನ್ನೊಂದು ಚೂರು. ಇದು ನಮ್ಮ ಕಾರಿನ ಹಾನಿಗೆ ಅಂತ ಕಟ್ಟುವ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ ಅನ್ವಯ. ಥರ್ಡ್ ಪಾರ್ಟಿ ಭಾಗಕ್ಕೆ ಬೋನಸ್ ಇಲ್ಲ. ನನ್ನ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳೆಯುವ ಮೊದಲು 7,000 ಇದೆ. ಅದರ ಶೇ. 120 ಅಂದರೆ 8,400. ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 9,912. ಕಾರು ಹಳೇದಾದಂತೆ ಪ್ರೀಮಿಯಂ ಸ್ವಲ್ಪ ಇಳಿಯುತ್ತೆ, ಹಾಗಾಗಿ ಒಂದಿಷ್ಟು ಕಮ್ಮಿ ಇಟ್ಟುಕೊಳ್ಳಿ. ಆದರೂ ಸಣ್ಣ ಮೊತ್ತ ಅಲ್ಲ.

ಈಗ ಆ ಸ್ಕೂಟರ್ ಗೀರಿಗೆ ಬನ್ನಿ. ಶೋರೂಮಿನಲ್ಲಿ ಎರಡು ಬಾಗಿಲಿಗೆ 9,400 ಹೇಳಿದರು. ಕ್ಲೈಮ್ ಹಾಕಿದರೆ 1,000 ನನ್ನದು, 8,400 ಕಂಪನಿಯದು. ಪಡೆಯೋದು 8,400, ಐದು ವರ್ಷದಲ್ಲಿ ಕಳೆದುಕೊಳ್ಳೋದು ಹತ್ತಿರ ಹತ್ತಿರ ಹತ್ತು ಸಾವಿರ. ಹೊರಗಿನ ಪೇಂಟರ್ 5,600ಕ್ಕೆ ಮಾಡುತ್ತಾರೆ.

ಹಾಗಾದರೆ 2022ರಲ್ಲಿ ಕ್ಲೈಮ್ ಹಾಕಿದ್ದು ತಪ್ಪಾ? ಅಲ್ಲ. ಆಗ ನಾನು ಏಣಿಯ ಬುಡದಲ್ಲೇ ಇದ್ದೆ. ಬಿದ್ದರೂ ನಷ್ಟ 20, 5, 10, 10, 5, ಒಟ್ಟು 50 ಅಷ್ಟೇ. ಆಗಿನ ಓನ್ ಡ್ಯಾಮೇಜ್ ಪ್ರೀಮಿಯಂ 9,000, ಅದರ ಅರ್ಧ 4,500, ತೆರಿಗೆ ಸೇರಿ 5,310. ಕಂಪನಿ ಕೊಟ್ಟಿದ್ದು 14,900. ಏಣಿಯಲ್ಲಿ ಮೇಲಿದ್ದಷ್ಟೂ ಕ್ಲೈಮ್ ದುಬಾರಿ. ಇನ್ನೊಂದು ಮಾತು, ಬೋನಸ್ ಕಾರಿನದಲ್ಲ, ಮಾಲೀಕರದು. ನಾಳೆ ದೊಡ್ಡ ಕಾರು ತಗೊಂಡರೆ ಅದರ ಪ್ರೀಮಿಯಂನಲ್ಲೂ ಇದೇ ಬೋನಸ್ ಕಳೆಯುತ್ತಾರೆ. ಒಂದು ಗೀರಿಗೋಸ್ಕರ ಅದನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ತಮ್ಮನದು ಬೇರೆ ಕಥೆ. ಅವನು ತಿಪಟೂರಿನಲ್ಲಿದ್ದಾನೆ. ಕಾರಿಗೆ ಐದೂವರೆ ವರ್ಷ ಆಗಿತ್ತು, ಒಮ್ಮೆಯೂ ಕ್ಲೈಮ್ ಹಾಕಿರಲಿಲ್ಲ, ಬೋನಸ್ ಪೂರ್ತಿ 50. ಜೀರೋ ಡೆಪ್ ಇರಲಿಲ್ಲ. ತೋಟದ ಮನೆ ಮುಂದೆ ತೆಂಗಿನ ಮರದ ಕೆಳಗೆ ನಿಲ್ಲಿಸಿದ್ದ. ಒಣಗಿದ ಸೋಗೆ ಬುಡ ಸಮೇತ ಬಿತ್ತು. ಬಾನೆಟ್ ಮಧ್ಯದಲ್ಲಿ ಮಡಚಿಕೊಂಡಿತ್ತು, ಮುಂದಿನ ಗಾಜು ಜೇಡರ ಬಲೆ ಥರ ಬಿರುಕು ಬಿಟ್ಟಿತ್ತು. ನಮ್ಮ ಕಡೆ ತೆಂಗಿನ ಮರ ಇಲ್ಲದ ನೆರಳು ಹುಡುಕೋದು ಕಷ್ಟ, ಆದರೂ ದಯವಿಟ್ಟು ಅದರ ಕೆಳಗೆ ಗಾಡಿ ನಿಲ್ಲಿಸಬೇಡಿ. ಅರ್ಧ ಗಂಟೆ ಮುಂಚೆ ಅಲ್ಲೇ ಮಕ್ಕಳು ಆಡುತ್ತಿದ್ದರು.

ಬಿಲ್ಲು 20,000. ಐದು ವರ್ಷ ದಾಟಿದ ಕಾರಿನ ತಗಡಿಗೆ ಶೇ. 40 ಸವಕಳಿ, ಹಾಗಾಗಿ 6,500ರ ಬಾನೆಟ್‌ನಲ್ಲಿ 2,600 ಅವನ ಪಾಲು. ಪೇಂಟಿಗೆ 600, ಫೈಲ್ ಚಾರ್ಜ್ 1,000. ಗಾಜಿಗೆ ಸವಕಳಿ ಕಡಿಯೋದಿಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅವನ ಕೈಯಿಂದ 4,200, ಕಂಪನಿಯಿಂದ 15,800. ಅವನ ಏಣಿಯ ನಷ್ಟ 125, ಆದರೆ ಹಳೇ ಕಾರಾದ್ದರಿಂದ ಪ್ರೀಮಿಯಂ 5,000 ಮಾತ್ರ, ತೆರಿಗೆ ಸೇರಿ 7,375. ಕಳೆದರೂ ಎಂಟು ಸಾವಿರಕ್ಕೂ ಜಾಸ್ತಿ ಉಳಿಯಿತು. ಹಾಕಿದ್ದು ಸರಿಯೇ.

ಶೋರೂಮಿನ ಸ್ಕ್ರ್ಯಾಚ್ ಪ್ಯಾಕೇಜ್

2023ರಲ್ಲಿ ಸರ್ವೀಸಿಗೆ ಬಿಟ್ಟಾಗ ಕೌಂಟರಿನ ಹುಡುಗಿ ಒಂದು ಪ್ಯಾಕೇಜ್ ತೋರಿಸಿದಳು. ವರ್ಷಕ್ಕೆ 5,900, ನಾಲ್ಕು ಪ್ಯಾನೆಲ್ ಪೇಂಟ್. ಕ್ಲೈಮ್ ಲೆಕ್ಕಕ್ಕೆ ಬರಲ್ಲ, ಬೋನಸ್ ಹೋಗಲ್ಲ. ಇದೊಂಥರ ಗೀರಿಗೆ ಅಂತಲೇ ಇರುವ ವಿಮೆ. ಒಂದು ಪ್ಯಾನೆಲ್‌ಗೆ 1,475 ಬೀಳುತ್ತೆ, ಹೊರಗಿನದಕ್ಕಿಂತ ಅರ್ಧ. ಒಪ್ಪಿಕೊಂಡೆ.

ಆ ವರ್ಷ ಎರಡೇ ಪ್ಯಾನೆಲ್‌ಗೆ ಕೆಲಸ ಬಂತು. ಒಂದು ಬಾಗಿಲು, ಒಂದು ಫೆಂಡರ್ (ಚಕ್ರದ ಮೇಲಿನ ತಗಡು). ಮೂರನೆಯದು ಮುಂದಿನ ಬಂಪರ್ ಅಂಚು. ಅದನ್ನು ಒಪ್ಪಲಿಲ್ಲ. ಗೀರಾದರೆ ಮಾಡುತ್ತೇವೆ, ಸೀಳಿದ್ದರೆ ಇಲ್ಲ ಅಂದರು. ಸೀಳು ನನ್ನ ಕಿರುಬೆರಳ ಉಗುರಿನಷ್ಟಿತ್ತು. ಹಾಳೆ ತಿರುಗಿಸಿ ನೋಡಿದರೆ ಹಿಂದೆ ಸಣ್ಣ ಅಕ್ಷರದಲ್ಲಿ ಅದು ಬರೆದೇ ಇತ್ತು. ಯಾವ ಭಾಗವನ್ನೂ ಬದಲಿಸೋದಿಲ್ಲ, ಬಳಸದೆ ಉಳಿದ ಪ್ಯಾನೆಲ್ ಮುಂದಿನ ವರ್ಷಕ್ಕೆ ಹೋಗೋದಿಲ್ಲ ಅಂತಲೂ ಇತ್ತು. ಕೊಡುವ ಮೊದಲು ಬಾಯಲ್ಲಿ ಹೇಳಬೇಕಿತ್ತು. ಅದು ನನಗೆ ಬೇಜಾರು.

ಕೆಲಸ ಮಾತ್ರ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಬೂತಿನೊಳಗೆ ಬಣ್ಣ ಹೊಡೆದು ಬಿಸಿಗೆ ಒಣಗಿಸುತ್ತಾರೆ, ಒಂದು ಧೂಳಿನ ಕಣವೂ ಕೂತಿರಲಿಲ್ಲ. ಆದರೆ ಎರಡು ಪ್ಯಾನೆಲ್‌ಗೆ 5,900 ಆಯಿತು. ಹೊರಗೆ 5,600. ಅದರ ಮೇಲೆ ಮೂರು ದಿನ ಕಾರಿಲ್ಲದೆ ಗುಬ್ಬಿಗೆ ಬಸ್ಸಿನಲ್ಲಿ ಓಡಾಡಿದೆ. ವರ್ಷಕ್ಕೆ ಮೂರು, ನಾಲ್ಕು ಪ್ಯಾನೆಲ್ ಖಂಡಿತ ಗೀರಿಸಿಕೊಳ್ಳುವವರಿಗೆ, ಅಂದರೆ ಚಿಕ್ಕಪೇಟೆಯ ಓಣಿಗಳಲ್ಲಿ ದಿನಾ ಓಡಾಡುವವರಿಗೆ, ಹೊಸದಾಗಿ ಡ್ರೈವಿಂಗ್ ಕಲಿತ ಮಕ್ಕಳಿರುವ ಮನೆಗೆ ಇದು ಲಾಭ. ನನಗೆ ಅಲ್ಲ. ಮುಂದಿನ ವರ್ಷ ತಗೊಳ್ಳಲಿಲ್ಲ.

ಕೈಯಿಂದ ಕೊಟ್ಟು ಹೊರಗೆ

ಶಿರಾ ಗೇಟ್ ಕಡೆ ನನಗೆ ಗೊತ್ತಿರುವ ಒಬ್ಬ ಪೇಂಟರ್ ಇದ್ದಾರೆ. ನಾವು ಭಾಯಿ ಅಂತೀವಿ, ಅವರು ನನ್ನನ್ನು ಅಕ್ಕ ಅಂತಾರೆ. ಮೊದಲ ಸಲ ಹೋದಾಗ ಅವರು ಬಣ್ಣದ ಡಬ್ಬಿ ಮುಟ್ಟಲೇ ಇಲ್ಲ. "ಅಕ್ಕಾ, ಉಗುರು ಅಡ್ಡ ಎಳೆದು ನೋಡಿ" ಅಂದರು. ಎಳೆದೆ. ಉಗುರು ಎಲ್ಲೂ ಸಿಕ್ಕಿಕೊಳ್ಳದೆ ಜಾರಿತು. "ಇದು ಮೇಲಿನ ಕ್ಲಿಯರ್ ಕೋಟಲ್ಲೇ ಇದೆ. ಪೇಂಟ್ ಬೇಡ" ಅಂತ ನೀರು ಹಾಕಿ 2000 ನಂಬರ್ ಎಮರಿಯಲ್ಲಿ ಮೆಲ್ಲಗೆ ಉಜ್ಜಿದರು. ಆ ಜಾಗ ಮಂಜು ಕವಿದ ಹಾಗಾಯಿತು. ನನಗೆ ಎದೆ ಧಸಕ್ ಅಂತು. ಆಮೇಲೆ ಕಾಂಪೌಂಡ್ ಹಚ್ಚಿ ಮಿಷನ್ ತಿರುಗಿಸಿದರು. ಮಂಜು ಹೋಯಿತು, ಗೀರೂ ಹೋಯಿತು. 400 ರೂಪಾಯಿ.

ಉಗುರು ಸಿಕ್ಕಿಕೊಂಡರೆ ಬಣ್ಣದವರೆಗೆ ಇಳಿದಿದೆ ಅಂತ ಅರ್ಥ. ಬಿಳಿ ತಗಡು ಕಂಡರೆ ತಡ ಮಾಡಬಾರದು, ಮಳೆಗಾಲಕ್ಕೆ ತುಕ್ಕು ಹಿಡಿಯುತ್ತೆ. ಬಣ್ಣ ಹಾಳಾಗದೆ ಬರೀ ನೆಗ್ಗಿದ್ದರೆ ಒಳಗಿಂದ ಸಲಾಕೆ ಹಾಕಿ ಎತ್ತುವವರಿದ್ದಾರೆ. ಬೀದಿ ಹುಡುಗರ ಕ್ರಿಕೆಟ್ ಬಾಲಿನ ಒಂದು ನೆಗ್ಗು ಹಾಗೆ 1,200ಕ್ಕೆ ಹೋಯಿತು, ಪೇಂಟ್ ಮುಟ್ಟಲಿಲ್ಲ.

2024ರಲ್ಲಿ ಬಲಗಡೆ ಫೆಂಡರ್ ಪೂರ್ತಿ ಮಾಡಿಸಿದೆ, 2,800. ಕಾರಿನ ಮೇಲೆ ಅಂಟಿಸಿರುವ ಕಲರ್ ಕೋಡ್ ನೋಡಿ ಬಣ್ಣ ಕಲಸಿದರು. ಒಂದು ತಗಡಿನ ತುಂಡಿಗೆ ಹೊಡೆದು, ಬಾಗಿಲ ಪಕ್ಕ ಹಿಡಿದು, ಬಿಸಿಲಿಗೂ ನೆರಳಿಗೂ ತಿರುಗಿಸಿ ನೋಡಿದರು. ಮೂರು ಸಲ. ಆದರೂ ಸಂಜೆ ಬಿಸಿಲಿನಲ್ಲಿ ಫೆಂಡರ್ ಒಂದು ಚೂರು ಗಾಢವಾಗಿ ಕಾಣುತ್ತೆ. ಕ್ಲಿಯರ್ ಕೋಟಿನ ಕೆಳಗೆ ಎರಡು ಧೂಳಿನ ಕಣ ಇವೆ. ಶೆಡ್ಡಿನಲ್ಲಿ ಮಾಡುವ ಕೆಲಸ, ಅಷ್ಟು ಇದ್ದೇ ಇರುತ್ತೆ. ಮೆಟಾಲಿಕ್ ಬಣ್ಣ ಬೇರೆ. ನನಗೆ ಅದು ಒಪ್ಪಿಗೆ. ಎರಡೇ ವರ್ಷದಲ್ಲಿ ಕಾರು ಮಾರುವ ಯೋಚನೆ ಇದ್ದರೆ ಶೋರೂಮ್ ಪೇಂಟೇ ಒಳ್ಳೇದು ಅಂತೀನಿ.

ಕ್ಲೈಮ್ ಹಾಕುವವರಿಗೆ ಇನ್ನೊಂದು ವಿಷಯ. ಹಿಂದೆ ಒಂದು ಗೀರು, ಮುಂದೆ ಒಂದು ಗೀರು, ಎರಡೂ ಸೇರಿಸಿ ಒಟ್ಟಿಗೆ ಮಾಡಿಸೋಣ ಅಂತ ಹೋಗಬೇಡಿ. ಹಾನಿ ನೋಡಲು ಬರುವ ಇನ್ಶೂರೆನ್ಸ್ ಸರ್ವೇಯರ್ ನೋಡಿದ ಕೂಡಲೇ ಬೇರೆ ಬೇರೆ ಘಟನೆ ಅಂತ ಹೇಳುತ್ತಾರೆ. ಎರಡು ಘಟನೆ ಅಂದರೆ ಎರಡು ಕ್ಲೈಮ್, ಎರಡು ಫೈಲ್ ಚಾರ್ಜ್. ಜೀರೋ ಡೆಪ್‌ನಲ್ಲಿ ವರ್ಷಕ್ಕೆ ಎರಡೇ ಕ್ಲೈಮ್ ಅಂತ ಮಿತಿ ಇರುವ ಪಾಲಿಸಿಗಳು ಬಹಳ ಇವೆ. "ಎಲ್ಲಾ ಒಂದೇ ಗೋಡೆಗೆ ತಾಗಿತು ಅಂತ ಬರೆದುಬಿಡಿ ಮೇಡಂ" ಅಂತ ಒಂದು ಗ್ಯಾರೇಜಿನಲ್ಲಿ ನನಗೂ ಹೇಳಿದರು. ಬರೆಯಬೇಡಿ. ಕ್ಲೈಮ್ ಫಾರಂಗೆ ಸಹಿ ನಿಮ್ಮದು, ಅವರದ್ದಲ್ಲ. ಸುಳ್ಳು ಅಂತ ಗೊತ್ತಾದರೆ ಪೂರ್ತಿ ಕ್ಲೈಮೇ ತಿರಸ್ಕಾರ ಆಗುತ್ತೆ.

ಬರುವ ನವೆಂಬರ್‌ಗೆ ಕಾರಿಗೆ ಐದು ವರ್ಷ ತುಂಬುತ್ತೆ. ಕೆಲವು ಕಂಪನಿಗಳು ಅಲ್ಲಿಗೆ ಜೀರೋ ಡೆಪ್ ನಿಲ್ಲಿಸುತ್ತವೆ, ಕೊಡುವವರೂ ಇದ್ದಾರೆ. 3,000ದೊಳಗೆ ಸಿಕ್ಕರೆ ಇನ್ನೊಂದು ವರ್ಷ ತಗೊಳ್ಳುತ್ತೇನೆ, ಗೀರಿಗಲ್ಲ, ತಿಪಟೂರಿನಲ್ಲಿ ಆದಂಥ ದೊಡ್ಡ ಪೆಟ್ಟಿಗೆ. ಅದರ ಜೊತೆ ಬೋನಸ್ ಉಳಿಸುವ ಎನ್‌ಸಿಬಿ ಪ್ರೊಟೆಕ್ಟ್ ಕೂಡ ಈ ಸಲ ವಿಚಾರಿಸುತ್ತೇನೆ. ಬುಡದಲ್ಲಿದ್ದಾಗ ಅದು ಬೇಕಿರಲಿಲ್ಲ, ಆ ಹೊತ್ತಿಗೆ 45ರ ಮೆಟ್ಟಿಲು. ನವೀಕರಣ ಮಾತ್ರ ಒಂದು ದಿನವೂ ತಡ ಮಾಡಲ್ಲ. 90 ದಿನ ದಾಟಿದರೆ ಬೋನಸ್ ಪೂರ್ತಿ ಹೋಗುತ್ತೆ.

ಎಡಗಡೆ ಗೀರಿನಲ್ಲಿ ಎರಡು ಕಡೆ ಉಗುರು ಸಿಕ್ಕಿಕೊಳ್ಳುತ್ತೆ, ತಗಡು ಕಾಣುತ್ತಿಲ್ಲ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ. ಕ್ಯಾತ್ಸಂದ್ರದಲ್ಲಿ ಕಾರು ನಿಲ್ಲಿಸಿದರೆ ಆ ಜನಸಂದಣಿಯಲ್ಲಿ ಇನ್ನೊಂದು ಗೀರು ಬಿದ್ದರೂ ಬೀಳಬಹುದು. ಅದಕ್ಕೆ ಸದ್ಯ ಟಚಪ್ ಪೆನ್ನಿನಲ್ಲಿ ಮುಚ್ಚಿದ್ದೇನೆ. ಜಾತ್ರೆ ಮುಗಿದ ಮಾರನೇ ವಾರ ಭಾಯಿ ಟೈಮ್ ಕೊಟ್ಟಿದ್ದಾರೆ, ಎರಡು ಬಾಗಿಲಿಗೆ 5,600.