ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ದಾರ, ಎಕ್ಸೆಲ್, ಮ್ಯಾಪ್ ಹೋಲಿಕೆ

ಎರಡು ಊರುಗಳ ನಡುವಿನ ವಿಮಾನದೂರ ಕಂಡುಹಿಡಿಯಲು ಬೇರೆ ಬೇರೆ ದಾರಿಗಳಿವೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಜೋಡಿ ಇಟ್ಟುಕೊಂಡು ಅವನ್ನೆಲ್ಲ ಪ್ರಯತ್ನಿಸಿದೆ. ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಅರ್ಥ ಆಗಬೇಕಾದರೆ ಗ್ಲೋಬ್ ಮತ್ತು ದಾರ, ಅಂಕಿ ಬೇಕಾದರೆ ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನುವ ವೆಬ್‌ಸೈಟ್.

ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಡುವುದು ಮಾತ್ರ ಬೇಡ. ದುಂಡಗಿನ ಭೂಮಿಯನ್ನು ಚಪ್ಪಟೆಯಾಗಿ ಹರಡಿ ತೋರಿಸುವ ಮರ್ಕೇಟರ್ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಅದು ಅರೇಬಿಯಾ, ಸಹಾರಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ನಿಜವಾಗಿ ಆ ಗೆರೆ ಹಿಡಿದು ಹಾರಿದರೆ ಸುಮಾರು 20,000 ಕಿ.ಮೀ. ಆಗುತ್ತದೆ!

ಅದರ ಬದಲು ಗ್ಲೋಬ್ ಮೇಲೆ ದಾರ ಬಿಗಿಯಾಗಿ ಎಳೆಯಿರಿ. ದಾರ ಪಶ್ಚಿಮಕ್ಕೆ ಹೋಗುವುದೇ ಇಲ್ಲ. ಉತ್ತರಕ್ಕೆ ಏರಿ ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ 1 ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ದಾರ 33 ಸೆಂ.ಮೀ. ಬಂತು, ಅಂದರೆ 14,000 ಕಿ.ಮೀ. ಹತ್ತಿರ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಉತ್ತರ 50–100 ಕಿ.ಮೀ. ಏರುಪೇರಾಗುತ್ತದೆ, ನಿಜ. ಆದರೂ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.

ಎಕ್ಸೆಲ್‌ನಲ್ಲಿ ಹ್ಯಾವರ್‌ಸೈನ್ ಸೂತ್ರ (ಅಕ್ಷಾಂಶ, ರೇಖಾಂಶದಿಂದ ಗೋಳದ ಮೇಲಿನ ದೂರ ಲೆಕ್ಕ ಹಾಕುವ ಸೂತ್ರ) ಹಾಕಿ, ಭೂಮಿಯ ತ್ರಿಜ್ಯ 6,371 ಕಿ.ಮೀ. ಕೊಟ್ಟರೆ ಸುಮಾರು 13,990 ಬರುತ್ತದೆ. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಕೋನಗಳನ್ನು ಡಿಗ್ರಿಯಿಂದ ರೇಡಿಯನ್ ಅನ್ನುವ ಅಳತೆಗೆ ಬದಲಿಸಬೇಕು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಬೇಕು. ಮೈನಸ್ ಬಿಟ್ಟರೆ ಸ್ಯಾನ್ ಫ್ರಾನ್ಸಿಸ್ಕೋ ಚೀನಾ ಪಕ್ಕದ ಸಮುದ್ರಕ್ಕೆ ಬಂದು ಕೂರುತ್ತದೆ, ದೂರ ಬರೀ 5,200 ಕಿ.ಮೀ. ತೋರಿಸುತ್ತದೆ. ಭೂಮಿ ಪೂರ್ತಿ ದುಂಡಗಿಲ್ಲದ ಕಾರಣ ಅರ್ಧ ಶೇಕಡಾದಷ್ಟು ವ್ಯತ್ಯಾಸವೂ ಬರಬಹುದು. ಒಂದೇ ಸಲ ನೂರಾರು ಊರುಗಳ ಲೆಕ್ಕ ಬೇಕಿದ್ದರೆ ಇದೇ ಸರಿ. ಒಂದೇ ಜೋಡಿಗೆ ಸುಮ್ನೆ ಶ್ರಮ.

ಗೂಗಲ್ ಮ್ಯಾಪ್ಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಅಳೆಯುವುದು ಸುಲಭ. ಆದರೆ ಎಲ್ಲಿ ಕ್ಲಿಕ್ ಮಾಡುತ್ತೀರಿ ಅನ್ನುವುದು ಮುಖ್ಯ. ಬೆಂಗಳೂರು–ಚೆನ್ನೈ ನಗರದ ನಡುವಿನಿಂದ ಅಳೆದರೆ ಸುಮಾರು 290 ಕಿ.ಮೀ., ದೇವನಹಳ್ಳಿಯ ಏರ್‌ಪೋರ್ಟಿನಿಂದ ಚೆನ್ನೈ ಏರ್‌ಪೋರ್ಟಿಗೆ 270ರ ಹತ್ತಿರ. ಹತ್ತಿರದ ಊರುಗಳಿಗೆ ಇದು ದೊಡ್ಡ ವ್ಯತ್ಯಾಸ ಅಲ್ವಾ? ಗ್ರೇಟ್ ಸರ್ಕಲ್ ಮ್ಯಾಪರ್‌ನಲ್ಲಿ ಈ ತೊಂದರೆ ಇಲ್ಲ. ಬಿಎಲ್ಆರ್, ಎಸ್ಎಫ್ಒ ಅಂತ ಏರ್‌ಪೋರ್ಟ್ ಕೋಡ್ ಕೊಟ್ಟರೆ ಸಾಕು, ದಾರಿಯ ಚಿತ್ರವೂ ಸಿಗುತ್ತದೆ.

ಆದರೆ ಇವೆಲ್ಲ ಹೇಳುವುದು ಅತಿ ಕಡಿಮೆ ದೂರವನ್ನು. ವಿಮಾನ ಗಾಳಿ ನೋಡುತ್ತದೆ, ಟಿಬೆಟ್‌ನ ಎತ್ತರದ ನೆಲ ತಪ್ಪಿಸುತ್ತದೆ, ಕೆಲವು ದೇಶಗಳ ಆಕಾಶವನ್ನೂ ಬಿಡಬೇಕಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಹಾರಿ ಬಂದಾಗ ಕ್ರಮಿಸಿದ್ದು ಸುಮಾರು 16,000 ಕಿ.ಮೀ. ನಿಜವಾಗಿ ಹಾರಿದ ದಾರಿ ಬೇಕಿದ್ದರೆ ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ವೆಬ್‌ಸೈಟ್ ನೋಡಿ.

ಯಾವುದನ್ನೇ ಬಳಸಿದರೂ ಅಳತೆಯ ಘಟಕ ಗಮನಿಸಿ. ಇದೇ 14,000 ಕಿ.ಮೀ. ಸಾಧಾರಣ ಮೈಲಿಯಲ್ಲಿ 8,700, ವಿಮಾನ, ಹಡಗಿನವರು ಬಳಸುವ ನಾಟಿಕಲ್ ಮೈಲಿಯಲ್ಲಿ 7,560 ಆಗುತ್ತದೆ.